ಮೇಪಲ್ ಮರ, ಒಂದು ತೂತು, ಒಂದು ಬಿಳಿ ಮಾತ್ರೆ

ಈ ಕಡೆ ತಲೆ ಹಾಕದೆ ಬಹಳ ದಿನ ಆಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಒಂದೇ ವಿಷಯ ತಲೆಯಲ್ಲಿ ಕೂತು ಬೇರೆ ಯಾವುದಕ್ಕೂ ಜಾಗ ಬಿಡಲಿಲ್ಲ. ಇವತ್ತು ಅದನ್ನ ಇಳಿಸಿಬಿಡ್ತೀನಿ. ಸ್ವಲ್ಪ ಉದ್ದ ಇದೆ, ಕಾಫಿ ಮಾಡ್ಕೊಂಡು ಬಂದು ಕೂತ್ಕೊಳ್ಳಿ :)

ನಾವಿರೋದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಂದು ಸಣ್ಣ ಊರಲ್ಲಿ. ಮನೆ ಹಿಂದೆ ಮೂರು ಶುಗರ್ ಮೇಪಲ್ ಮರಗಳಿವೆ. ಪಕ್ಕದಲ್ಲೇ ಒಬ್ಬ ಅಜ್ಜನ ಜಮೀನು, ಅದರ ತುಂಬ ಇದೇ ಮರ. ಚಳಿಗಾಲ ಮುಗಿಯುವ ಹೊತ್ತಿಗೆ ಅವರ ಶುಗರ್‌ಹೌಸ್‌ನ ಮಾಡಿನಿಂದ ಬಿಳಿ ಹಬೆ ಏಳುತ್ತೆ, ಓಣಿ ಪೂರ್ತಿ ಪಾಕದ ವಾಸನೆ. ಶುಗರ್‌ಹೌಸ್ ಅಂದರೆ ಮತ್ತೇನಲ್ಲ, ನಮ್ಮ ಆಲೆಮನೆ. ಗಾಣ ಒಂದಿಲ್ಲ ಅಷ್ಟೆ. ಅಲ್ಲಿ ಕಬ್ಬಿನ ಹಾಲು, ಇಲ್ಲಿ ಮರದ ನೀರು. ಕೊನೆಗೆ ಕೈಗೆ ಬರೋದು ನಮ್ಮ ಮಲೆನಾಡಿನ ಜೋನಿ ಬೆಲ್ಲಕ್ಕೆ ತಮ್ಮನಂತಿರುವ ತೆಳ್ಳಗಿನ ಸಿರಪ್.

ಹೋದ ವರ್ಷ ಫೆಬ್ರವರಿ ಮೊದಲ ವಾರ ಇದ್ದಕ್ಕಿದ್ದಂತೆ ಬಿಸಿಲು ಬಂತು. ಹಿಮ ಕರಗಿ ನೀರು ಹರಿಯೋದು ನೋಡಿ ನನಗೆ ತಡೆಯಲಾಗಲಿಲ್ಲ, ಡ್ರಿಲ್ ತಗೊಂಡು ಹೊರಟೆ. ಮರಕ್ಕೊಂದು ತೂತು, ಒಂದೂವರೆ ಇಂಚು ಆಳ. ತೂತಿಗೊಂದು ನಳಿಕೆ, ನಳಿಕೆಗೊಂದು ಬಕೆಟ್. ಟಪ್... ಟಪ್... ಅಂತ ಶುರುವಾಗೇ ಬಿಡ್ತು! ಮಗಳು ಕುಣಿದಾಡಿದಳು. ನನ್ನವಳು ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡಿ "ಇದು ಬರೀ ನೀರು ಕಣ್ರೀ" ಅಂದಳು. ಅವಳು ಹೇಳಿದ್ದು ಸುಳ್ಳಲ್ಲ. ಈ ನೀರಿನಲ್ಲಿ (ಇಲ್ಲಿಯವರು ಸ್ಯಾಪ್ ಅಂತಾರೆ, ನಾನೂ ಹಾಗೇ ಅಂತೀನಿ) ಸಕ್ಕರೆ ಇರೋದು ಶೇಕಡಾ 2ರ ಆಸುಪಾಸು. ವರ್ಮಾಂಟ್‌ನ ಜೋನ್ಸ್ ಅನ್ನೋ ವಿಜ್ಞಾನಿಯ ಹೆಸರಲ್ಲಿ ಒಂದು ಲೆಕ್ಕ ಇದೆ. 86ನ್ನು ಸಕ್ಕರೆಯ ಶೇಕಡಾ ಪ್ರಮಾಣದಿಂದ ಭಾಗಿಸಿದರೆ ಒಂದು ಗ್ಯಾಲನ್ ಸಿರಪ್‌ಗೆ ಎಷ್ಟು ಗ್ಯಾಲನ್ ಸ್ಯಾಪ್ ಬೇಕು ಅಂತ ಸಿಗುತ್ತೆ. ಅಂದರೆ 43 ಗ್ಯಾಲನ್ ಕುದಿಸಿದರೆ ಒಂದು ಗ್ಯಾಲನ್. ನನ್ನ ಮೂರು ಮರದ ಆಟ ಎಷ್ಟರದು ಅಂತ ನೀವೇ ಲೆಕ್ಕ ಹಾಕಿ.

ಮಾರ್ಚ್ ಎರಡನೇ ವಾರಕ್ಕೆ ನನ್ನ ಬಕೆಟ್‌ಗಳು ಒಣಗಿದವು. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಹಿತವಾದ ಬಿಸಿಲು, ಎಲ್ಲ ಸರಿಯಾಗೇ ಇತ್ತು. ಅಜ್ಜನ ಮರಗಳಲ್ಲಿ ಇನ್ನೂ ಧಾರಾಳ ಹರೀತಾ ಇತ್ತು. ನನ್ನವು ಮಾತ್ರ ಬಾಯಿ ಮುಚ್ಚಿಕೊಂಡು ನಿಂತಿದ್ದವು. ಸರಿ, ಇನ್ನೊಂದಿಷ್ಟು ಆಳ ಕೊರೆದರೆ ಬರುತ್ತೆ ಅಂತ ಮತ್ತೆ ಡ್ರಿಲ್ ಹಿಡಿದೆ. ಬೇಲಿ ಆಚೆಯಿಂದ ಅಜ್ಜ ನೋಡಿದರು.

"ಏನು ಮಾಡ್ತಾ ಇದ್ದೀಯ?"

"ತೂತು ಒಣಗಿದೆ. ಸ್ವಲ್ಪ ದೊಡ್ಡದು ಮಾಡೋಣ ಅಂತ."

"ಆ ಡ್ರಿಲ್ ಕೆಳಗಿಡು. ಬಾ ಈ ಕಡೆ, ಒಂದು ತೋರಿಸ್ತೀನಿ."

ಅವರು ಏನು ತೋರಿಸಿದರು ಅಂತ ಆಮೇಲೆ ಹೇಳ್ತೀನಿ. ಅಂದು ರಾತ್ರಿಯಿಂದ ನಾನು ಈ ತೂತಿನ ಚರಿತ್ರೆ ಓದೋಕೆ ಶುರು ಮಾಡಿದೆ. ಮೇಪಲ್ ಸಕ್ಕರೆಯ ಇತಿಹಾಸ ಅಂತ ಎಲ್ಲರೂ ಬರೆಯೋದು ಕೊಪ್ಪರಿಗೆ, ಒಲೆ, ಡಬ್ಬಗಳ ಇತಿಹಾಸವನ್ನ. ನನಗೆ ಕಂಡದ್ದು ಬೇರೆ. ಮರ ಗಾಯ ಮುಚ್ಚಿಕೊಳ್ಳೋಕೆ ನೋಡುತ್ತೆ, ಮನುಷ್ಯ ಆರು ವಾರ ಅದನ್ನ ತೆರೆದಿಡೋಕೆ ನೋಡ್ತಾನೆ. ಮುನ್ನೂರು ವರ್ಷದ ಕಥೆಯೆಲ್ಲ ಈ ಹಗ್ಗಜಗ್ಗಾಟವೇ.

ಮೊದಲು ಸ್ಯಾಪ್ ಯಾಕೆ ಹರಿಯುತ್ತೆ ಅಂತ ಸ್ವಲ್ಪ ನೋಡಿಬಿಡೋಣ. ಸುಳ್ಯ, ಪುತ್ತೂರಿನ ಕಡೆಯವರಿಗೆ ತಕ್ಷಣ ರಬ್ಬರ್ ನೆನಪಾಗಬಹುದು. ಅದಲ್ಲ. ರಬ್ಬರ್ ಹಾಲು ತೊಗಟೆಯಲ್ಲಿರುತ್ತೆ. ಮೇಪಲ್ ಸ್ಯಾಪ್ ಬರೋದು ತೊಗಟೆ ದಾಟಿ ಒಳಗಿರುವ ಬಿಳಿಯ ಹಸಿ ಮರದಿಂದ, ಬೇರಿಂದ ನೀರು ಏರುವ ಭಾಗದಿಂದ. ಮೇಪಲ್ ಮರದ ನಾರುಗಳ ಒಳಗೆ ನೀರಿನ ಬದಲು ಗಾಳಿ ತುಂಬಿರುತ್ತೆ, ಅದೇ ಅದರ ವಿಶೇಷ. ರಾತ್ರಿ ಸೊನ್ನೆಗಿಂತ ಕೆಳಗೆ ಇಳಿದಾಗ ಆ ಗಾಳಿ ಕುಗ್ಗಿ, ನಾರಿನ ಗೋಡೆಗೆ ಮಂಜುಗಡ್ಡೆ ಕಟ್ಟುತ್ತೆ. ಮರ ಬೇರಿನಿಂದ ನೀರು ಎಳೆದುಕೊಳ್ಳುತ್ತೆ. ಹಗಲು ಬಿಸಿಲೇರಿದಾಗ ಮಂಜು ಕರಗಿ, ಅದುಮಿಟ್ಟ ಗಾಳಿ ಹಿಗ್ಗಿ ಒಳಗೆ ಒತ್ತಡ ಏರುತ್ತೆ, ಕೆಲವೊಮ್ಮೆ ಕಾರಿನ ಟೈರಿನ ಒತ್ತಡದ ಹತ್ತಿರಕ್ಕೆ! ಎಲ್ಲಾದರೂ ಒಂದು ತೂತಿದ್ದರೆ ಆ ಒತ್ತಡಕ್ಕೆ ಸ್ಯಾಪ್ ಹೊರಗೆ. ಹಾಗಾಗಿ ಬರೀ ಚಳಿ ಇದ್ದರೂ ಬರೋದಿಲ್ಲ, ಬರೀ ಬಿಸಿಲಿದ್ದರೂ ಬರೋದಿಲ್ಲ. ಎರಡೂ ಒಂದರ ಹಿಂದೊಂದು ಬರಬೇಕು. ವರ್ಷದಲ್ಲಿ ಅಂಥ ಕಾಲ ಇರೋದೇ ಒಂದು ತಿಂಗಳು, ಒಂದೂವರೆ ತಿಂಗಳು. ಆಮೇಲೆ ಮೊಗ್ಗು ಊದಿಕೊಂಡರೆ ಸ್ಯಾಪಿನ ರುಚಿ ಕೆಡುತ್ತೆ, ಅಲ್ಲಿಗೆ ಮುಗೀತು. ತೂತು ಮಾತ್ರ ಮೊಗ್ಗಿಗೂ ಮುಂಚೆಯೇ ಮುಚ್ಚಿಕೊಳ್ಳೋಕೆ ತಯಾರಾಗಿರುತ್ತೆ.

ನೀರಾ ಇಳಿಸೋರನ್ನ ನೋಡಿದ್ದೀರಲ್ಲ, ತೆಂಗಿನ ಹೊಂಬಾಳೆಯ ತುದಿಯನ್ನು ದಿನಾ ತೆಳ್ಳಗೆ ಕೆತ್ತುತ್ತಾರೆ, ಗಾಯ ಹಸಿಯಾಗಿಯೇ ಇರಲಿ ಅಂತ. ತೊಂದರೆ ಅದೇ, ಆದರೆ ಅಲ್ಲಿ ಕೆತ್ತಿ ಕೆತ್ತಿ ಮುಗಿಯೋದು ಒಂದು ಹೊಂಬಾಳೆ. ಇಲ್ಲಿ ಕೈ ಹಾಕೋದು ಕಾಂಡಕ್ಕೆ. ಮೇಪಲ್ ಮರ ತೂತು ಕೊರೆಯುವಷ್ಟು ದಪ್ಪ ಆಗೋಕೇ ಸುಮಾರು ನಲವತ್ತು ವರ್ಷ ಬೇಕು.

ಈ ಕೆಲಸ ಮೊದಲು ಮಾಡಿದವರು ಇಲ್ಲಿಯ ಮೂಲನಿವಾಸಿಗಳು. ಲೋಹದ ಪಾತ್ರೆ ಬರುವ ಮೊದಲು ಅವರು ಗಟ್ಟಿ ಸಕ್ಕರೆ ಎಷ್ಟರ ಮಟ್ಟಿಗೆ ಮಾಡ್ತಿದ್ದರು ಅಂತ ವಿದ್ವಾಂಸರು 1980ರ ದಶಕದಲ್ಲಿ ದೊಡ್ಡ ಜಗಳವನ್ನೇ ಆಡಿದ್ದಾರೆ. ನಾನು ಆ ಜಗಳಕ್ಕೆ ಹೋಗಲ್ಲ. ಗ್ರೇಟ್ ಲೇಕ್ಸ್ ಸುತ್ತಲಿನ ಅನಿಶಿನಾಬೆ ಜನರ ಪಂಚಾಂಗದಲ್ಲಿ ಒಂದು ತಿಂಗಳಿಗೆ ಸ್ಯಾಪ್ ಕುದಿಸುವ ತಿಂಗಳು ಅಂತಲೇ ಹೆಸರು, ಇಸ್ಕಿಗಮಿಜಿಗೆ-ಗೀಜಿಸ್. ತಿಂಗಳಿಗೇ ಹೆಸರಿಡುವಷ್ಟು ಈ ಕೆಲಸ ಅವರಿಗೆ ಹಳೆಯದು ಅನ್ನೋದು ನನ್ನ ಅನಿಸಿಕೆ.

ಅವರ ರೀತಿಯನ್ನ ಹತ್ತಿರದಿಂದ ನೋಡಿ ಬರೆದಿಟ್ಟವನು ಜೇಮ್ಸ್ ಸ್ಮಿತ್. 1755ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸೆರೆ ಸಿಕ್ಕ ಹದಿನೆಂಟರ ಹುಡುಗ. ಕೊಲ್ಲುತ್ತಾರೆ ಅಂದುಕೊಂಡಿದ್ದವನನ್ನು ಅವರು ಮನೆಮಗ ಮಾಡಿಕೊಂಡರು! ವಾಪಸ್ ಬಂದು ಬಹಳ ವರ್ಷದ ಮೇಲೆ, 1799ರಲ್ಲಿ, ತನ್ನ ಅನುಭವ ಅಚ್ಚು ಹಾಕಿಸಿದ. ಹೆಂಗಸರು ಎಲ್ಮ್ ಮರದ ತೊಗಟೆಯಿಂದ ಪಾತ್ರೆ ಮಾಡೋದು, ಮೇಪಲ್ ಕಾಂಡಕ್ಕೆ ಓರೆಯಾಗಿ ಕಚ್ಚು ಹಾಕಿ ಅದರ ತುದಿಗೆ ಮರದ ಚಕ್ಕೆಯೊಂದನ್ನು ಸಿಕ್ಕಿಸಿ ನೀರು ಇಳಿಸೋದು, ಎಲ್ಲ ಬರೆದಿದ್ದಾನೆ. ದೊಡ್ಡ ಕೊಪ್ಪರಿಗೆ ಇಲ್ಲದ ಒಂದು ಕಡೆ ಸ್ಯಾಪನ್ನು ಅಗಲವಾದ ತೊಗಟೆ ಪಾತ್ರೆಗಳಲ್ಲಿ ರಾತ್ರಿ ಹೊರಗಿಟ್ಟು, ಬೆಳಿಗ್ಗೆ ಮೇಲೆ ಕಟ್ಟಿದ ಮಂಜುಗಡ್ಡೆ ತೆಗೆದು ಬಿಸಾಡ್ತಿದ್ದರಂತೆ. ಸಕ್ಕರೆಯನ್ನೂ ಎಸೀತಾ ಇದ್ದೀರಲ್ಲ ಅಂತ ಇವನು ಕೇಳಿದ್ದಕ್ಕೆ, ಹೆಪ್ಪುಗಟ್ಟೋದು ನೀರು, ಸಕ್ಕರೆಯಲ್ಲ, ಅಂದರಂತೆ. ಸೌದೆಯಿಲ್ಲದೆ ಅರ್ಧ ಕೆಲಸ ಮುಗೀತು. ಇದನ್ನ ಓದಿ ನಾನೂ ನನ್ನ ಬಕೆಟ್‌ನಲ್ಲಿ ಮಾಡಿ ನೋಡಿದೆ, ಚೆನ್ನಾಗೇ ಕೆಲಸ ಮಾಡುತ್ತೆ.

ಕೊಡಲಿಯ ಕಚ್ಚು ಮರಕ್ಕೆ ದೊಡ್ಡ ಗಾಯ. ಹೊಸದಾಗಿ ಬಂದು ನೆಲೆಸಿದ ಬಿಳಿಯರೂ ಮೊದಲಿಗೆ ಹೀಗೇ ಮಾಡಿದರು. ಕಾಡು ಹೇಗೂ ಕಡಿದು ಹೊಲ ಮಾಡಬೇಕಾದ ಕಾಡು, ಮರದ ಚಿಂತೆ ಯಾರಿಗೆ? ಮರ ಉಳೀಬೇಕು ಅನ್ನೋ ಯೋಚನೆ ಬಂದಮೇಲೆ ಕೊಡಲಿ ಹೋಗಿ ಬೈರಿಗೆ ಬಂತು.

ಇಲ್ಲಿ ಒಂದು ವಿಚಿತ್ರ ತಿರುವು ಇದೆ. ಬೈರಿಗೆಯ ಪರವಾಗಿ ಗಟ್ಟಿಯಾಗಿ ಬರೆದವರು ರೈತರಲ್ಲ, ಡಾಕ್ಟರು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ್ದ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್. 1791ರಲ್ಲಿ ಥಾಮಸ್ ಜೆಫರ್ಸನ್‌ಗೆ ಮೇಪಲ್ ಮರದ ಬಗ್ಗೆ ಉದ್ದದ ಪತ್ರ ಬರೆದರು. ಅವರಿಗೆ ಬೇಕಾಗಿದ್ದದ್ದು ಬರೀ ಸಿಹಿಯಲ್ಲ. ಆಗ ಸಕ್ಕರೆ ಅಂದರೆ ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ಸಕ್ಕರೆ, ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಸತ್ತು ಸತ್ತು ಬೆಳೆಯುತ್ತಿದ್ದ ಸಕ್ಕರೆ. ತನ್ನ ಕಾಡಿನಲ್ಲಿ ತನ್ನ ಹೆಂಡತಿ ಮಕ್ಕಳ ಜೊತೆ ರೈತ ಮಾಡಿಕೊಳ್ಳುವ ಸಕ್ಕರೆ ಬಂದರೆ ಆ ಗುಲಾಮಗಿರಿಯೇ ಬೇಡವಾಗುತ್ತೆ ಅನ್ನೋದು ರಶ್ ಕನಸು.

ಆ ಪತ್ರದ ಕುಶಲ ವಿವರಗಳನ್ನ ನಾನು ಎರಡೆರಡು ಸಲ ಓದಿದೆ. ಕೊಡಲಿಗಿಂತ ಬೈರಿಗೆ ಒಳ್ಳೇದು. ಮೊದಲು ಮುಕ್ಕಾಲು ಇಂಚು ಮಾತ್ರ ಕೊರೆಯಬೇಕು, ಸ್ವಲ್ಪ ಮೇಲ್ಮುಖವಾಗಿ, ಸ್ಯಾಪ್ ನಿಂತು ಹೆಪ್ಪುಗಟ್ಟದ ಹಾಗೆ. ಆಮೇಲೆ ದಿನ ಕಳೆದಂತೆ ಅದನ್ನೇ ಎರಡು ಇಂಚಿನ ತನಕ ಆಳ ಮಾಡುತ್ತಾ ಹೋಗಬೇಕು. ಮೊದಲ ತೂತು ದಕ್ಷಿಣಕ್ಕೆ. ಅಲ್ಲಿ ಹರಿವು ಕಮ್ಮಿಯಾದಾಗ ಉತ್ತರದ ಕಡೆ ಇನ್ನೊಂದು. ನಾನು ಡ್ರಿಲ್ ಹಿಡಿದು ಮಾಡ ಹೊರಟಿದ್ದು ಕೂಡ ಇದನ್ನೇ! ಇನ್ನೂರು ವರ್ಷ ಹಳೇ ಐಡಿಯಾ ನನ್ನದೇ ಅಂತ ಬೀಗಿದ್ದೆ. ಮರಕ್ಕೆ ಇದರಿಂದ ಏನೂ ಆಗಲ್ಲ, ಕೊರೆದಷ್ಟೂ ಮರ ಚೆನ್ನಾಗಿ ಕೊಡುತ್ತೆ ಅಂತ ಬೇರೆ ರಶ್ ನಂಬಿದ್ದರು. ಒಂದೇ ಮರ ನಲವತ್ತೆರಡು ವರ್ಷ ತೂತು ತಿಂದೂ ಚೆನ್ನಾಗಿದೆ ಅಂತ ಉದಾಹರಣೆ ಕೊಡ್ತಾರೆ. ಮರ ಬದುಕಿದ್ದು ನಿಜ ಇರಬಹುದು. ಒಳಗೆ ಏನಾಗಿದೆ ಅಂತ ಯಾರೂ ಕೊಯ್ದು ನೋಡಿರಲಿಲ್ಲ.

ಜೆಫರ್ಸನ್ ಅದೇ ವರ್ಷ ವರ್ಮಾಂಟ್‌ಗೆ ಹೋಗಿ ಬಂದರು, ನ್ಯೂಯಾರ್ಕ್ ಬಳಿಯ ನರ್ಸರಿಯಿಂದ ಮೇಪಲ್ ಸಸಿ ತರಿಸಿ ವರ್ಜೀನಿಯಾದ ತಮ್ಮ ಮಾಂಟಿಚೆಲೊ ತೋಟದಲ್ಲಿ ನೆಡಿಸಿದರು. ಬಹುತೇಕ ಸತ್ತವು. (ನೆಟ್ಟು ನೀರೆರೆದವರು ಜೆಫರ್ಸನ್ ಒಡೆತನದ ಗುಲಾಮರೇ. ಗುಲಾಮಗಿರಿ ತಪ್ಪಿಸೋ ಮರ ನೆಡೋಕೂ ಗುಲಾಮರು ಬೇಕಾಯ್ತು!) ನ್ಯೂಯಾರ್ಕ್‌ನ ಕಾಡಿನಲ್ಲಿ ವಿಲಿಯಂ ಕೂಪರ್ ಅನ್ನುವ ಜಮೀನ್ದಾರರು ದೊಡ್ಡದಾಗಿ ಮಾಡಲು ಹೋಗಿ ಕೈ ಸುಟ್ಟುಕೊಂಡರು. ಕಬ್ಬಿನ ಗದ್ದೆ ತಿಂಗಳುಗಟ್ಟಲೆ ಕೊಯ್ಲು ಕೊಡುತ್ತೆ. ಈ ಮರ ಕೊಡೋದು ಆರು ವಾರ, ಅದೂ ಆಕಾಶದ ಮರ್ಜಿ. ಇಷ್ಟು ದೊಡ್ಡ ಭಾರವನ್ನು ಅಷ್ಟು ಸಣ್ಣ ತೂತಿನ ಮೇಲೆ ಹೊರಿಸಿದ್ದರು ಪಾಪ.

ರೈತರು ಮಾತ್ರ ಬಿಡಲಿಲ್ಲ. 1860ರ ಅಮೆರಿಕದ ಜನಗಣತಿಯಲ್ಲಿ ಸುಮಾರು 4 ಕೋಟಿ ಪೌಂಡ್ ಮೇಪಲ್ ಸಕ್ಕರೆ ಲೆಕ್ಕಕ್ಕೆ ಸಿಕ್ಕಿದೆ. ಹೆಚ್ಚು ಕಡಿಮೆ ಆ ಕಾಲಕ್ಕೇ ಮರದ ನಳಿಕೆ ಹೋಗಿ ಲೋಹದ್ದು ಬಂತು. ಆಮೇಲೆ ಕಬ್ಬಿನ ಸಕ್ಕರೆ ಅಗ್ಗವಾಗಿ ಇವರು ಗಟ್ಟಿ ಸಕ್ಕರೆ ಬಿಟ್ಟು ಸಿರಪ್‌ಗೆ ತಿರುಗಿದರು. ಆದರೆ ಮಾರ್ಚ್ ನಡುವಿಗೆ ಬಿಸಿಲು ನಾಲ್ಕು ದಿನ ಜೋರಾಯಿತೋ, ತೂತು ಒಣಗೋದು ತಪ್ಪಲಿಲ್ಲ. ರೈತರು ಬಿಸಿಲು, ಗಾಳಿಯಿಂದ ಗಾಯ ಒಣಗುತ್ತೆ ಅಂದುಕೊಂಡರು. ಅದಕ್ಕೇ ಅಂತ ಸ್ವಲ್ಪ ದಪ್ಪ ಬೈರಿಗೆ ಇಟ್ಟುಕೊಂಡು ನಡು ಋತುವಿನಲ್ಲಿ ತೂತನ್ನು ಕೆರೆದು ಹಸಿ ಮಾಡ್ತಿದ್ದರು. ನಾಲ್ಕು ದಿನ ಹರೀತಿತ್ತು, ಮತ್ತೆ ಒಣಗ್ತಿತ್ತು.

ನಿಜವಾದ ಕಾರಣದ ಸುಳಿವು ಸಿಕ್ಕಿದ್ದು ವರ್ಮಾಂಟ್‌ನ ಕೃಷಿ ಪ್ರಯೋಗ ಕೇಂದ್ರದಲ್ಲಿ. ಅಲ್ಲಿ ಜೋನ್ಸ್, ಎಡ್ಸನ್, ಮೋರ್ಸ್ ಅನ್ನೋ ಮೂವರು ಮರಕ್ಕೆ ಒತ್ತಡದ ಮಾಪಕಗಳನ್ನು ಚುಚ್ಚಿ ಹಗಲು ರಾತ್ರಿ ಲೆಕ್ಕ ಬರೆದು 1903ರಲ್ಲಿ ಒಂದು ವರದಿ ಹೊರತಂದರು. 1912ರಲ್ಲಿ ಎಡ್ಸನ್ ಮತ್ತು ಜೊತೆಯವರ ಇನ್ನೊಂದು ವರದಿ ಸ್ಯಾಪಿನಲ್ಲಿರುವ ಸೂಕ್ಷ್ಮಜೀವಿಗಳ ಬಗ್ಗೆ. ಮರದ ಒಳಗಿನ ಸ್ಯಾಪ್ ಶುದ್ಧ. ತೂತಿಗೆ ಬಂದೊಡನೆ ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು ಎಲ್ಲಕ್ಕೂ ಅದು ಸಕ್ಕರೆ ನೀರಿನ ಅನ್ನಛತ್ರ. ಬಿಸಿಲು ಹೆಚ್ಚಾದಷ್ಟೂ ಅವು ಹೆಚ್ಚುತ್ತವೆ. ಮರದ ಸಣ್ಣ ಸಣ್ಣ ಕೊಳವೆಗಳು ಲೋಳೆಯಿಂದ ಕಟ್ಟಿಕೊಳ್ಳುತ್ತವೆ, ಮರವೂ ಸೋಂಕು ಒಳಗೆ ಹೋಗದ ಹಾಗೆ ಆ ಕೊಳವೆಗಳನ್ನ ತಾನೇ ಮುಚ್ಚಿಕೊಳ್ಳುತ್ತೆ. ತೂತು 'ಒಣಗೋದು' ಅಂದರೆ ಇದು. ಬಿಸಿಲಿಗೆ ಒಣಗಿದ್ದಲ್ಲ.

ಇಷ್ಟು ಗೊತ್ತಾದ ಮೇಲೆ ಮುಂದಿನ ಹೆಜ್ಜೆ ಯಾರಿಗಾದರೂ ಹೊಳೆಯುತ್ತೆ. ಕ್ರಿಮಿ ಕೊಂದರಾಯ್ತು! 1960ರ ಆಸುಪಾಸಿನಲ್ಲಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಕಾಸ್ಟಿಲೋ ಮತ್ತು ಸಂಗಡಿಗರು, ತೂತಿನಲ್ಲಿ ಕ್ರಿಮಿ ಹೆಚ್ಚಿದಷ್ಟೂ ಸ್ಯಾಪ್ ಕಮ್ಮಿಯಾಗುತ್ತೆ ಅಂತ ತೋರಿಸಿ, ಒಂದು ಬಿಳಿ ಮಾತ್ರೆಯ ಪ್ರಯೋಗ ಮಾಡಿದರು. ಪ್ಯಾರಾಫಾರ್ಮಾಲ್ಡಿಹೈಡ್. ಹೆಸರು ಕೇಳಿ ಹೆದರಬೇಡಿ, ಪಿಯುಸಿ ಲ್ಯಾಬ್‌ನಲ್ಲಿ ಗಾಜಿನ ಜಾಡಿಯೊಳಗೆ ಕಪ್ಪೆ ತೇಲಾಡ್ತಿತ್ತಲ್ಲ, ಆ ಫಾರ್ಮಾಲಿನ್‌ನ ಗಟ್ಟಿ ರೂಪ. ಕೊರೆದ ತೂತಿಗೆ ಕಾಲು ಗ್ರಾಂನಷ್ಟು ಸಣ್ಣ ಮಾತ್ರೆ ಹಾಕಿ ಮೇಲೆ ನಳಿಕೆ ಹೊಡೆದರೆ ಅದು ನಿಧಾನ ಕರಗುತ್ತಾ ಫಾರ್ಮಾಲ್ಡಿಹೈಡ್ ಬಿಡುತ್ತಾ ಹೋಗುತ್ತೆ. ಕ್ರಿಮಿಗಳು ಸಾಯ್ತವೆ, ತೂತು ವಾರಗಟ್ಟಲೆ ಹೆಚ್ಚು ತೆರೆದಿರುತ್ತೆ. ಸರ್ಕಾರವೂ ಒಪ್ಪಿಗೆ ಕೊಟ್ಟಿತು, ಸಿರಪ್‌ನಲ್ಲಿ ಇಷ್ಟರ ಮೇಲೆ ಉಳಿಯಬಾರದು ಅಂತ ಒಂದು ಮಿತಿ ಹಾಕಿ.

ರೈತರಿಗೆ ಆಗ ಇದು ವರ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಅದೇ ಹೊತ್ತಿಗೆ ಪ್ಲಾಸ್ಟಿಕ್ ಪೈಪ್ ಬಂದಿತ್ತು. ವರ್ಮಾಂಟ್‌ನ ನೆಲ್ಸನ್ ಗ್ರಿಗ್ಸ್ 1959ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದರು. ಮರದಿಂದ ಮರಕ್ಕೆ ಪೈಪ್ ಎಳೆದು ಇಳಿಜಾರಿನಲ್ಲಿ ಶುಗರ್‌ಹೌಸ್‌ಗೇ ತಂದುಬಿಟ್ಟರೆ, ಸೊಂಟದುದ್ದ ಹಿಮದಲ್ಲಿ ಬಕೆಟ್ ಹೊರುವ ಕರ್ಮ ತಪ್ಪುತ್ತೆ. ಆದರೆ ಸಾವಿರಾರು ಮರಕ್ಕೆ ಪೈಪ್ ಜೋಡಿಸೋಕೆ ಜನವರಿಯಲ್ಲೇ ಶುರು ಮಾಡಬೇಕು. ಜನವರಿಯಲ್ಲಿ ಕೊರೆದ ತೂತು ಏಪ್ರಿಲ್ ತನಕ ತೆರೆದಿರೋದು ಹೇಗೆ? ಮಾತ್ರೆ ಇದ್ದರೆ ಇರುತ್ತೆ.

ಈಗ ಅಜ್ಜ ತೋರಿಸಿದ್ದಕ್ಕೆ ಬರ್ತೀನಿ.

ಅವರ ಶುಗರ್‌ಹೌಸ್ ಗೋಡೆಗೆ ಒಂದು ಹಲಗೆ ಮೊಳೆ ಹೊಡೆದಿದೆ. ಮೇಪಲ್ ಕಾಂಡವನ್ನು ಉದ್ದಕ್ಕೆ ಸೀಳಿದ್ದು, ನನ್ನ ಎತ್ತರ. ಬಿಳಿ ಮರದ ಮೇಲೆ ಕಂದು ಪಟ್ಟೆಗಳು. ಹತ್ತಿರ ಹೋದರೆ ಒಂದೊಂದು ಪಟ್ಟೆಯ ನಡುವೆ ಒಂದೊಂದು ತೂತು ಕಾಣುತ್ತೆ, ಒಳಗೇ ಹೂತು ಹೋದ ಹಳೇ ತೂತುಗಳು.

"ಇದು ನಮ್ಮಪ್ಪ ಕೊರೆದದ್ದು," ಅಂತ ಕೆಳಗಿನ ಒಂದಕ್ಕೆ ಬೆರಳಿಟ್ಟರು. "ಉಂಗುರ ಎಣಿಸಿದರೆ ವರ್ಷ ಸಿಗುತ್ತೆ. ನಾನು ಪ್ರೈಮರಿ ಸ್ಕೂಲಲ್ಲಿದ್ದೆ." ಆ ತೂತಿನ ಮೇಲೂ ಕೆಳಗೂ ಒಂದು ಗೇಣಿನಷ್ಟು ಕಂದು ಗೆರೆ, ಬೆರಳಗಲ. ಅಷ್ಟೆ. ಅದರ ಹೊರಗೆ ಮರ ಹಾಲಿನಂತೆ ಬಿಳಿ.

"ಇದೂ ನಮ್ಮಪ್ಪ ಕೊರೆದದ್ದೇ. ಇದರಲ್ಲಿ ಮಾತ್ರೆ ಇದೆ. ಡಬ್ಬಿ ಹಿಡ್ಕೊಂಡು ಹಿಂದೆ ಹೋಗ್ತಿದ್ದದ್ದು ನಾನು. ಅಪ್ಪ ಕೊರೀತಿದ್ದ, ನಾನು ಒಂದೊಂದೇ ಹಾಕ್ತಿದ್ದೆ." ಅಲ್ಲಿ ಗೆರೆ ಅಲ್ಲ, ಅಂಗೈ ಅಗಲದ ಕಪ್ಪು ಕಲೆ, ಮೇಲಿನ ಇನ್ನೊಂದು ತೂತಿನ ಕಲೆಗೆ ಹೋಗಿ ಸೇರಿಕೊಂಡಿದೆ. ನಡುವೆ ಮರವೇ ಇಲ್ಲ, ಪುಡಿ ಪುಡಿ. ನಾನು ಮುಟ್ಟಿದಾಗ ಇನ್ನೊಂದಿಷ್ಟು ಉದುರಿತು. ಕೈ ಹಿಂದಕ್ಕೆ ತಗೊಂಡೆ.

"ಗಾಳಿಗೆ ಬಿತ್ತು ಈ ಮರ," ಅಂದರು. "ನಮ್ಮ ಮುತ್ತಜ್ಜನ ಕಾಲದ್ದು."

ಈ ಹಲಗೆಯಲ್ಲಿ ಕಂಡದ್ದನ್ನ ವಿಜ್ಞಾನದ ಭಾಷೆಯಲ್ಲಿ ಹೇಳಿದವರು ನಮ್ಮದೇ ರಾಜ್ಯದವರು, ಅಂದರೆ ನ್ಯೂ ಹ್ಯಾಂಪ್‌ಶೈರ್‌ನ ಡರ್ಹಮ್ ಊರಿನ ಅರಣ್ಯ ಸಂಶೋಧನಾಲಯದಲ್ಲಿದ್ದ ಅಲೆಕ್ಸ್ ಶೈಗೊ. ಹಿಂದಿನವರು ಮರವನ್ನು ಅಡ್ಡಡ್ಡ ಕಡಿದು ನೋಡ್ತಿದ್ದರು. ಒಬ್ಬರೇ ಹಿಡಿಯಬಹುದಾದ ಚೈನ್‌ಸಾ ಬಂದದ್ದೇ ಶೈಗೊ ಮರಗಳನ್ನು ಉದ್ದಕ್ಕೆ ಸೀಳಿ ನೋಡತೊಡಗಿದರು, ಒಂದೆರಡಲ್ಲ, ಸಾವಿರಾರು. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯೋದಿಲ್ಲ ಅನ್ನೋದು ಅವರು ಕಂಡ ಸತ್ಯ. ಕೆಟ್ಟ ಭಾಗವನ್ನು ಮರ ರಿಪೇರಿ ಮಾಡೋದೇ ಇಲ್ಲ. ಅದರ ಸುತ್ತ ಗೋಡೆ ಕಟ್ಟಿ, ಆ ಜಾಗವನ್ನು ಶಾಶ್ವತವಾಗಿ ಕೈಬಿಟ್ಟು, ಹೊರಗಡೆ ಹೊಸ ಮರ ಬೆಳೆಸಿಕೊಳ್ಳುತ್ತೆ. ಗೋಡೆಯೊಳಗಿನ ಆ ಕಂದು ಭಾಗದಿಂದ ಇನ್ನೆಂದೂ ಸ್ಯಾಪ್ ಬರೋದಿಲ್ಲ. 1977ರಲ್ಲಿ ಈ ಗೋಡೆಗಳ ಸಿದ್ಧಾಂತ ಪ್ರಕಟವಾಯಿತು. ಮರುವರ್ಷವೇ ಶೈಗೊ ಮತ್ತು ರಸೆಲ್ ವಾಲ್ಟರ್ಸ್ ಮೇಪಲ್ ತೂತುಗಳನ್ನೇ ಸೀಳಿ ನೋಡಿದ ವರದಿ ಬಂತು. ಮಾತ್ರೆ ಹಾಕಿದ ತೂತುಗಳಲ್ಲಿ ಬಣ್ಣಗೆಟ್ಟ ಮರ ಹೆಚ್ಚು, ಕೊಳೆ ಹೆಚ್ಚು.

ಯಾಕೆ ಅಂತ ನೋಡಿ. ಮಾತ್ರೆ ಕ್ರಿಮಿಯನ್ನಷ್ಟೇ ಕೊಲ್ಲೋದಲ್ಲ, ತೂತಿನ ಸುತ್ತ ಗೋಡೆ ಕಟ್ಟಬೇಕಾಗಿದ್ದ ಮರದ ಜೀವಕೋಶಗಳನ್ನೂ ಕೊಲ್ಲುತ್ತೆ. ವಸಂತ ಕಳೆದು ಮಾತ್ರೆ ಕರಗಿ ಹೋದಮೇಲೆ ಕೊಳೆಸುವ ಶಿಲೀಂಧ್ರ ಬರುತ್ತೆ. ಅಷ್ಟರಲ್ಲಿ ಅಲ್ಲಿ ಕಾವಲಿನವರೇ ಇಲ್ಲ. ಇವತ್ತಿನ ನಾಲ್ಕು ವಾರದ ಸ್ಯಾಪ್‌ಗೆ ಮುಂದಿನ ಇಪ್ಪತ್ತು ವರ್ಷದ ಬಿಳಿ ಮರವನ್ನು ಕೊಟ್ಟ ಹಾಗಾಯ್ತು.

ರೈತರಿಗೆ ಇದು ಸುಲಭಕ್ಕೆ ಗಂಟಲಲ್ಲಿ ಇಳಿಯಲಿಲ್ಲ. ಮಾತ್ರೆ ಹಾಕೋದು ಬಿಟ್ಟರೆ ಹಾಕುವ ಪಕ್ಕದವನ ಮುಂದೆ ಸೋಲಬೇಕಲ್ಲ. ಅಜ್ಜನ ಮನೆಯಲ್ಲೂ ಅಪ್ಪ ಮಗನಿಗೆ ಇದೇ ವಿಷಯಕ್ಕೆ ಮಾತು ಬೆಳೆದು, ಒಂದು ಇಡೀ ಋತು ಇಬ್ಬರೂ ಒಂದೇ ಕೊಪ್ಪರಿಗೆಯ ಎರಡು ಕಡೆ ನಿಂತು ಮಾತಾಡದೆ ಸಿರಪ್ ಕಾಸಿದ್ದರಂತೆ. ವರ್ಮಾಂಟ್ ರಾಜ್ಯ 1980ರ ದಶಕದಲ್ಲಿ ಮಾತ್ರೆ ನಿಷೇಧಿಸಿತು, ಕೆನಡಾ 1991ರಲ್ಲಿ. ಆಮೇಲೆ ಅಮೆರಿಕದಲ್ಲಿ ಅದರ ನೋಂದಣಿಯೇ ಹೋಯಿತು. "ಅಪ್ಪ ಬಿಟ್ಟಿದ್ದು ಕಾನೂನು ಬಂದಾಗಲ್ಲ," ಅಂದರು ಅಜ್ಜ. "ಈ ಮರ ಬಿದ್ದಾಗ. ಸೀಳಿದ್ದು ಅಪ್ಪನೇ. ಗೋಡೆಗೆ ಹೊಡೆದದ್ದೂ ಅಪ್ಪನೇ." ಅಷ್ಟು ಹೇಳಿ ಒಲೆಗೆ ಸೌದೆ ಹಾಕೋಕೆ ಹೋದರು. ನಾನೂ ಮುಂದೆ ಕೇಳಲಿಲ್ಲ.

ಹಾಗಾದರೆ ಈಗ ಮಾರ್ಚ್ ಕೊನೆಯ ತನಕ ಅವರ ಮರಗಳು ಹೇಗೆ ಹರೀತಿವೆ? ಇದರ ಉತ್ತರ ವರ್ಮಾಂಟ್‌ನ ಅಂಡರ್‌ಹಿಲ್‌ನಲ್ಲಿದೆ. ಅಲ್ಲಿಯ ಮಾಜಿ ಗವರ್ನರ್ ಪ್ರಾಕ್ಟರ್ ಕೊಟ್ಟ ಜಮೀನಿನಲ್ಲಿ 1940ರ ದಶಕದಿಂದ ವರ್ಮಾಂಟ್ ವಿಶ್ವವಿದ್ಯಾಲಯದ ಮೇಪಲ್ ಸಂಶೋಧನಾ ಕೇಂದ್ರ ನಡೀತಾ ಇದೆ. ಜೇಮ್ಸ್ ಮಾರ್ವಿನ್, ಫ್ರೆಡ್ ಲೇಯಿಂಗ್ ಮುಂತಾದವರು ಪೈಪ್‌ಗಳಿಗೆ ವ್ಯಾಕ್ಯೂಮ್ ಪಂಪ್ ಜೋಡಿಸುವ ದಾರಿ ತೋರಿಸಿದರು. ಮರದ ಒಳಗಿನ ಒತ್ತಡ ಹೆಚ್ಚಿಸೋಕೆ ಆಗಲ್ಲ, ಹೊರಗಿನ ಒತ್ತಡ ಕಡಿಮೆ ಮಾಡಬಹುದಲ್ಲ! ನಳಿಕೆಯೂ ಸಣ್ಣದಾಯಿತು. ಮೊದಲು 7/16 ಇಂಚು ಇದ್ದ ತೂತು ಈಗ 5/16 ಇಂಚು. ಸಣ್ಣ ಗಾಯ, ಬೇಗ ಮುಚ್ಚುತ್ತೆ.

ನನಗೆ ಇದೆಲ್ಲಕ್ಕಿಂತ ಇಷ್ಟವಾದದ್ದು ಅದೇ ಕೇಂದ್ರದ ಟಿಮ್ ಪರ್ಕಿನ್ಸ್ 2009ರ ಸುಮಾರಿಗೆ ಮಾಡಿದ ಒಂದು ಪುಟ್ಟ ನಳಿಕೆ. ಸಂಜೆ ಚಳಿ ಏರುವಾಗ ಮರ ಒಳಗೆ ಎಳೆದುಕೊಳ್ಳುತ್ತೆ ಅಂದೆನಲ್ಲ, ಆಗ ಪೈಪಿನಲ್ಲಿ ನಿಂತ ಸ್ಯಾಪನ್ನೂ ತೂತಿನ ಮೂಲಕ ಹಿಂದಕ್ಕೆ ಹೀರುತ್ತೆ. ಹಳೇ ಪೈಪಿನ ಕ್ರಿಮಿಯೆಲ್ಲ ನೇರ ಗಾಯದೊಳಗೆ. ಪರ್ಕಿನ್ಸ್ ನಳಿಕೆಯೊಳಗೆ ಒಂದು ಸಣ್ಣ ಗುಂಡು ಇಟ್ಟರು. ಹೊರಗೆ ಬರುವಾಗ ಅದು ದಾರಿ ಬಿಡುತ್ತೆ, ಹಿಂದೆ ಹೋಗುವಾಗ ಬಾಗಿಲು ಮುಚ್ಚುತ್ತೆ. ಅಷ್ಟೇ! ವಿಷ ಇಲ್ಲ, ಕೆರೆಯೋದಿಲ್ಲ. ಪ್ರತಿ ವರ್ಷ ಹೊಸ ನಳಿಕೆ ಹಾಕೋದು, ಇಂಥ ಗುಂಡಿನ ನಳಿಕೆ ಬಳಸೋದು, ಇವೆರಡರಿಂದಲೇ ತೂತು ವಾರಗಟ್ಟಲೆ ಹೆಚ್ಚು ಬಾಳುತ್ತೆ. ಕ್ರಿಮಿಯನ್ನು ಒಳಗೆ ಹೋದಮೇಲೆ ಕೊಲ್ಲೋದು ಬಿಟ್ಟು ಒಳಗೇ ಬಿಡದಿದ್ದರಾಯ್ತು ಅಂತ ಹೊಳೆಯೋಕೆ ಮಾತ್ರೆ ಬಂದಮೇಲೆ ಐವತ್ತು ವರ್ಷ ಬೇಕಾಯ್ತು.

(ಅಲ್ಲಿಯವರೇ 2013ರಲ್ಲಿ ಇನ್ನೊಂದು ಸುದ್ದಿ ಕೊಟ್ಟರು. ಎಳೇ ಮೇಪಲ್ ಸಸಿಗಳನ್ನು ಸಾಲಾಗಿ ಕಬ್ಬಿನ ಹಾಗೆ ನೆಟ್ಟು, ತಲೆ ಕಡಿದು, ಆ ಬಾಯಿಗೆ ವ್ಯಾಕ್ಯೂಮ್ ಹಾಕಿದರೂ ಸ್ಯಾಪ್ ಬರುತ್ತಂತೆ. ಅಜ್ಜನಿಗೆ ಹೇಳಿದೆ. "ಅದನ್ನ ಕಾಡು ಅಂತಾರಾ?" ಅಂದರು.)

ಈ ವರ್ಷ ಮಾರ್ಚ್ 1ರ ತನಕ ಡ್ರಿಲ್ ಮುಟ್ಟಲಿಲ್ಲ. ಫೆಬ್ರವರಿಯಲ್ಲಿ ಮತ್ತೆ ನಾಲ್ಕು ದಿನ ಬಿಸಿಲು ಬಂದು ಆಸೆ ತೋರಿಸಿತು, ಮಗಳು "ಅಪ್ಪಾ, ಬಕೆಟ್ ಇಡೋಣ" ಅಂತ ಪೀಡಿಸಿದಳು, ಆದರೂ ತಡೆದುಕೊಂಡೆ. ಆ ಋತುವೂ ಈಗೀಗ ಹಿಂದಿಗಿಂತ ಒಂದು ವಾರ ಮುಂಚೆ ಶುರುವಾಗಿ, ಅದಕ್ಕೂ ಹೆಚ್ಚು ಮುಂಚೆ ಮುಗೀತಾ ಇದೆ ಅಂತ ಅಂಡರ್‌ಹಿಲ್‌ನವರು ಲೆಕ್ಕ ತೆಗೆದಿದ್ದಾರೆ. ಹಾಗಾಗಿ ತೀರಾ ಕಾಯೋದೂ ಸರಿಯಲ್ಲ. ಅಜ್ಜನನ್ನೇ ಕೇಳಿದೆ, ಎಲ್ಲಿ ಕೊರೀಲಿ ಅಂತ. ಬೇಲಿ ದಾಟಿ ಬಂದರು. ಮೊದಲು ಹೋದ ವರ್ಷದ ತೂತು ಹುಡುಕಿದೆವು. ಹೊಸ ತೊಗಟೆ ಸುತ್ತಲಿಂದ ತುಟಿಯ ಹಾಗೆ ಕೂಡಿಕೊಳ್ತಾ ಇತ್ತು, ಕಿರುಬೆರಳ ತುದಿಯೂ ಹೋಗಲಿಲ್ಲ. ಅಲ್ಲಿಂದ ಪಕ್ಕಕ್ಕೆ ನಾಲ್ಕಾರು ಬೆರಳು, ಮೇಲಕ್ಕೆ ಒಂದು ಮೊಳ ಅಳೆದು, ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಟ್ಟರು.

"ಹೊಟ್ಟು ನೋಡ್ತಾ ಕೊರೆ. ಕಂದು ಬಂದರೆ ಹಳೇ ಗಾಯಕ್ಕೆ ಸಿಕ್ಕಿದ್ದೀಯ ಅಂತ. ನಿಲ್ಲಿಸಿಬಿಡು."

ಮಗಳು ಅಂಗೈ ಒಡ್ಡಿ ಕೆಳಗೆ ನಿಂತಳು. ಡ್ರಿಲ್ ತಿರುಗಿತು. ಅವಳ ಕೈ ತುಂಬ ಬಿದ್ದದ್ದು ಬಿಳಿ ಹೊಟ್ಟು.